ಒಂದೇ ಅಂಬಾಸಿಡರ್ ಒಳಗೆ ಎಷ್ಟು ಗಾಡಿ ಇವೆ? ಯಾರಾದ್ರೂ ಬಿಡಿಸಿ ಹೇಳಿ

ಕೊಟ್ಟಿಗೆ ಅಂಬಿ, ತೀರ್ಥಹಳ್ಳಿ:

ಎಲ್ಲರಿಗೂ ನಮಸ್ಕಾರ. ಉದ್ದ ಬರೆಯುತ್ತಿದ್ದೇನೆ, ಸ್ವಲ್ಪ ತಾಳ್ಮೆ ಇರಲಿ.

ನಮ್ಮ ದೊಡ್ಡಪ್ಪನ ಅಂಬಾಸಿಡರ್ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕೊಟ್ಟಿಗೆಯಲ್ಲಿ ನಿಂತಿತ್ತು. ಹಿಂದಿನ ಸೀಟು ಕೋಳಿಗೆ, ಡಿಕ್ಕಿ ಇಲಿಗೆ, ಬಾನೆಟ್ ಮೇಲೆ ಅಡಿಕೆ ಚೀಲ. ದೊಡ್ಡಪ್ಪ ಹೋದ ಮೇಲೆ ದೊಡ್ಡಮ್ಮ "ಗುಜರಿಗೆ ಕೊಡು, ಇಲ್ಲಾ ನೀನೇ ಏನಾದರೂ ಮಾಡು, ನನಗೆ ಜಾಗ ಬೇಕು" ಅಂದರು. ನಾನು ಎರಡನೆಯದಕ್ಕೆ ಹೂಂ ಅಂದೆ. ಹೆಂಡತಿ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಆರ್‌ಸಿ ಪುಸ್ತಕದ ಮೊದಲ ಪುಟದಲ್ಲಿ 1968 ಮಾಡೆಲ್, ಪೆಟ್ರೋಲ್, 1489 ಸಿಸಿ ಅಂತ ಇದೆ. ನಂಬರ್ ಎಂವೈ ಇಂದ ಶುರು, ಮೈಸೂರು ರಾಜ್ಯ ಅಂತ ಇದ್ದ ಕಾಲದ್ದು. ದೊಡ್ಡಪ್ಪ ತಗೊಂಡಿದ್ದು 1983ರಲ್ಲಿ, ಮೂರನೇ ಓನರ್ ಆಗಿ. ಅಂದರೆ ಇದು ಅಂಬಾಸಿಡರ್‌ನ ಎರಡನೇ ಆವೃತ್ತಿ, ಮಾರ್ಕ್ 2 ಆಗಬೇಕು, ಅಲ್ವಾ? ಆದರೆ ಬಿಚ್ಚುತ್ತಾ ಹೋದಷ್ಟೂ ತಲೆ ಕೆಡುತ್ತಿದೆ. ಆರು ತಿಂಗಳಲ್ಲಿ ಕಂಡ ವಿಚಿತ್ರಗಳನ್ನು ನೆನಪಿಗೆ ಬಂದ ಹಾಗೆ ಹೇಳುತ್ತೇನೆ.

ಗ್ರಿಲ್ ಅಡ್ಡ ಪಟ್ಟಿಯದ್ದು. ಆ ಕಾಲದ ಫೋಟೋಗಳಲ್ಲಿ ಸಣ್ಣ ಸಣ್ಣ ಚೌಕದ ಜಾಲರಿ ಕಾಣುತ್ತದೆ. ಬಣ್ಣ ಉಜ್ಜಿದರೆ ಇಡೀ ಬಾಡಿಯಲ್ಲಿ ಬಿಳಿ, ಅದರಡಿ ನೀಲಿ, ಅದರಡಿ ಕ್ರೀಮ್ ಸಿಗುತ್ತದೆ. ಎಡಗಡೆ ಹಿಂದಿನ ಬಾಗಿಲಲ್ಲಿ ಮಾತ್ರ ಬಿಳಿಯ ಕೆಳಗೆ ನೇರ ಕಪ್ಪು. ಟಾಪ್ ಮೇಲೆ, ಮುಂದಿನ ಗಾಜಿಗಿಂತ ಒಂದು ಗೇಣು ಹಿಂದೆ, ನಾಲ್ಕಾಣೆ ಗಾತ್ರದ ತೂತು ಇತ್ತು, ಅದಕ್ಕೆ ತಗಡು ಬೆಸೆದು ಪಾಟಿ ಹಾಕಿ ಮುಚ್ಚಿದ್ದಾರೆ.

ಎಂಜಿನ್ ಪೆಟ್ರೋಲ್ ಹೌದು, ಓಡುತ್ತದೆ ಕೂಡ. ಆದರೆ ಬ್ಲಾಕ್ ಮೇಲಿನ ನಂಬರಿಗೂ ಆರ್‌ಸಿ ನಂಬರಿಗೂ ಸಂಬಂಧವೇ ಇಲ್ಲ. ಎಂಜಿನ್ ಫೌಂಡೇಶನ್ ಬೋಲ್ಟಿಗೆ ಎಡಗಡೆ 14ರ ಸ್ಪ್ಯಾನರ್ ಸರಿಯಾಗಿ ಕೂರುತ್ತದೆ, ಬಲಗಡೆ 14 ಒಳಗೇ ಹೋಗುವುದಿಲ್ಲ, 15 ಹಾಕಿದರೆ ಸುತ್ತಿಕೊಂಡು ಮೂಲೆ ತಿನ್ನುತ್ತದೆ.

ಟ್ಯಾಂಕಿನಿಂದ ಎರಡು ಪೈಪ್ ಬರುತ್ತವೆ. ಒಂದು ಪೆಟ್ರೋಲ್ ಪಂಪಿಗೆ. ಇನ್ನೊಂದು ಎಂಜಿನ್ ಹತ್ತಿರದವರೆಗೂ ಬಂದು ಸುಮ್ನೆ ನಿಲ್ಲುತ್ತದೆ, ಬಾಯಿಗೆ ಒಂದು ಬೋಲ್ಟ್ ತುರುಕಿ ಕ್ಲಿಪ್ ಹಾಕಿದ್ದಾರೆ. ಡ್ಯಾಶ್ ಕೆಳಗೆ ಒತ್ತುವ ಸ್ವಿಚ್ ಒಂದಿದೆ, ಪಕ್ಕದಲ್ಲಿ ಬಿಳಿ ಬಣ್ಣದಲ್ಲಿ ಕೈಯಲ್ಲೇ "ಎಚ್" ಅಂತ ಬರೆದಿದ್ದಾರೆ. ಅದಕ್ಕೆ ಬೆರಳು ದಪ್ಪದ ವೈರ್. ಎಚ್ ಅಂದರೆ ಹಾರ್ನ್ ಅಂದುಕೊಂಡೆ, ಹಾರ್ನ್ ಸ್ಟೀರಿಂಗಲ್ಲೇ ಇದೆ. ಹೀಟರ್ ಅಂದರೆ ತೀರ್ಥಹಳ್ಳಿಯಲ್ಲಿ ಯಾರಿಗೆ ಬೇಕು ಮಾರಾಯ್ರೆ?

ಕರೆಂಟ್ ವಿಷಯ ಇನ್ನೂ ಗೋಜಲು. ಡೈನಮೋ ಇದೆ. ಡೈನಮೋ ಚಾರ್ಜನ್ನು ಹಿಡಿತದಲ್ಲಿಡುವ ಕಟೌಟ್ ಬಾಕ್ಸ್ ಎರಡಿವೆ, ಒಂದರ ಒಳಗೆ ಏನೂ ಇಲ್ಲ, ವೈರ್‌ಗಳನ್ನು ಜೋಡಿಸಿ ಟೇಪ್ ಸುತ್ತಿದ್ದಾರೆ. ಬ್ಯಾಟರಿಯ ಮೈನಸ್ ಬಾಡಿಗೆ ಇದೆ, ಆದರೆ ಆ ಕ್ಲ್ಯಾಂಪ್ ಸಡಿಲ ಅಂತ ಸೀಸದ ತಗಡು ಸುತ್ತಿ ಕೂರಿಸಿದ್ದಾರೆ. ಪ್ಲಸ್ ಕ್ಲ್ಯಾಂಪನ್ನು ಅರ ಹಾಕಿ ಅಗಲ ಮಾಡಿದ್ದಾರೆ. ಆಂಪಿಯರ್ ಮೀಟರ್ ಮುಳ್ಳು ರೇಸ್ ಮಾಡಿದಾಗ ಡಿಸ್ಚಾರ್ಜ್ ಕಡೆ ಹೋಗುತ್ತದೆ, ಲೈಟ್ ಹಾಕಿದರೆ ಚಾರ್ಜ್ ಕಡೆ. ತಲೆಕೆಳಗು.

ಸ್ಪೀಡೋಮೀಟರ್ 33 ತೋರಿಸುವಾಗ ಫೋನಿನ ಜಿಪಿಎಸ್ 50 ಅನ್ನುತ್ತದೆ. ಬ್ರೇಕ್ ಒತ್ತಿದರೆ ಬಲಕ್ಕೆ ಎಳೆಯುತ್ತದೆ. ಮುಂದಿನ ಡ್ರಮ್ ಬಿಚ್ಚಿದರೆ ಬಲಗಡೆ ವೀಲ್ ಸಿಲಿಂಡರ್ (ಬ್ರೇಕ್ ಶೂ ಒತ್ತುವ ಭಾಗ) ಒಂದು ಇಂಚು, ಎಡಗಡೆ 7/8 ಇಂಚು.

ಇದು ಅಪಘಾತದ ಎರಡು ಗಾಡಿ ಸೇರಿಸಿ ಬೆಸೆದದ್ದಾ? ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬದಲಾಯಿಸಲಿ? ಆರ್‌ಸಿಗೆ ಏನು ಮಾಡಲಿ?


ಜೆಸಿ ರೋಡ್ ಗಿರಾಕಿ, ಬೆಂಗಳೂರು:

ಗುರು, ಮೊದಲು ಸಮಾಧಾನ ಮಾಡಿಕೋ. ಎಲ್ಲಾ ನಂಬರ್ ಸರಿ ಇರುವ ಅರವತ್ತರ ದಶಕದ ಅಂಬಾಸಿಡರ್ ತೋರಿಸು, ನಾನು ಬಂದು ಕಾಲಿಗೆ ಬೀಳುತ್ತೇನೆ.

ಈ ಗಾಡಿಯ ತೊಂದರೆಯೇ ಅದು, ಎಲ್ಲದಕ್ಕೂ ಎಲ್ಲವೂ ಕೂರುತ್ತದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಅಚ್ಚು ತಂದು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಶುರು ಮಾಡಿದ ಹಿಂದೂಸ್ತಾನ್ ಮೋಟರ್ಸ್‌ನವರು 2014ರಲ್ಲಿ ನಿಲ್ಲಿಸುವ ತನಕ ಮೂಲ ಡಬ್ಬ ಹೆಚ್ಚುಕಮ್ಮಿ ಅದೇ ಇಟ್ಟುಕೊಂಡರು. ಅಷ್ಟು ವರ್ಷ ಬಾಗಿಲು, ಬಾನೆಟ್, ಮಡ್‌ಗಾರ್ಡ್ ಒಂದರದ್ದು ಇನ್ನೊಂದಕ್ಕೆ ಹಾಕಿ ಓಡಿಸಿದ್ದಾರೆ ಜನ. ಶಿವಾಜಿನಗರದ ಗುಜರಿಯಲ್ಲಿ ಬಾಗಿಲು ಕೇಳಿದರೆ ಯಾವ ವರ್ಷದ್ದು ಅಂತ ಯಾರೂ ಕೇಳುತ್ತಿರಲಿಲ್ಲ, ಎಡಗಡೆಯದಾ ಬಲಗಡೆಯದಾ ಅಂತ ಕೇಳುತ್ತಿದ್ದರು, ಅಷ್ಟೇ. ನಿನ್ನ ಕಪ್ಪು ಬಾಗಿಲು ಹಾಗೆ ಬಂದದ್ದು. ಎರಡು ಗಾಡಿ ಸೇರಿಸಿದ್ದರೆ ನೆಲದ ತಗಡಿನಲ್ಲಿ, ಬಾಗಿಲ ಕಂಬದಲ್ಲಿ ಅಡ್ಡ ಬೆಸುಗೆ ಗೆರೆ ಕಾಣಬೇಕು. ಮ್ಯಾಟ್ ಎತ್ತಿ ನೋಡು. ಇಲ್ಲ ಅಂದರೆ ಆ ಚಿಂತೆ ಬಿಡು.

ಅಡ್ಡ ಪಟ್ಟಿ ಗ್ರಿಲ್ ಮಾರ್ಕ್ 3ರದ್ದು, ಅದು ಬಂದದ್ದು 1975ರಲ್ಲಿ. ಸಣ್ಣ ಚೌಕದ್ದು ಮಾರ್ಕ್ 2. ಅಂದರೆ 75ರ ಆಚೆಗೆ ಯಾವಾಗಲೋ ಮೂತಿ ಗುದ್ದಿದೆ, ಅಂಗಡಿಯಲ್ಲಿ ಇದ್ದದ್ದನ್ನು ತಂದು ಹಾಕಿದ್ದಾರೆ.

ಬೋಲ್ಟ್ ವಿಷಯ ಸುಲಭ. ಈ ಎಂಜಿನ್ ಇಂಚಿನ ಲೆಕ್ಕದ್ದು. ಬಲಗಡೆಯದು ಮೂರು ಸೂತಿನ ಬೋಲ್ಟ್ (ಸೂತು ಅಂದರೆ ಇಂಚಿನ ಎಂಟನೇ ಒಂದು ಪಾಲು), ತಲೆ 9/16 ಇಂಚು, ಅಂದರೆ 14.29 ಮಿಲಿಮೀಟರ್. ಅದಕ್ಕೇ 14 ಹೋಗಲ್ಲ, 15 ಜಾರುತ್ತದೆ. ಎಡಗಡೆ ಯಾರೋ ಮಿಲಿಮೀಟರ್ ಬೋಲ್ಟ್ ಹಾಕಿದ್ದಾರೆ, ಅಂದರೆ ಈಚಿನ ಕೈ. ನಿನ್ನ ಸ್ಪ್ಯಾನರ್ ಸೆಟ್ಟನ್ನು ಕುರುಡಾಗಿ ನಂಬಬೇಡ, ಅರ್ಧ ಇಂಚು 12.7, ಅದಕ್ಕೆ 13 ಹಾಕಿದರೆ ಬಿಚ್ಚುತ್ತದೆ, ಹತ್ತು ಸಲ ಆದ ಮೇಲೆ ಮೂಲೆ ಉರುಟಾಗುತ್ತದೆ. 3/4 ಮತ್ತು 19 ಹೆಚ್ಚುಕಮ್ಮಿ ಒಂದೇ ಥರ. ಎರಡೂವರೆ ಸೂತಿನ, ಅಂದರೆ 5/16ರ ಬೋಲ್ಟಿಗೆ 8 ಮಿಲಿಮೀಟರ್ ನಟ್ ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ, "ತುಕ್ಕು ಇರಬೇಕು" ಅಂತ ಒತ್ತಿ ತಿರುಗಿಸಿದೆಯೋ ಥ್ರೆಡ್ ಹೋಯಿತು. ನಾನು ಹಾಗೆ ಮೂರು ಸ್ಟಡ್ ಕಳೆದಿದ್ದೇನೆ, ಅದರಲ್ಲಿ ಒಂದು ಹೆಡ್‌ದು. ಒಂದು ಸೆಟ್ ಇಂಚಿನ ಸ್ಪ್ಯಾನರ್ ತಗೋ, ಮಿಕ್ಕಿದ್ದು ಆಮೇಲೆ.

ಟಾಪ್ ಮೇಲಿನ ತೂತು ಕೆಂಪು ದೀಪದ್ದು. ಯಾವುದೋ ಸಾಹೇಬರ ಗಾಡಿ ಆಗಿತ್ತು, ಬರೆದಿಟ್ಟುಕೋ.


ಹೀಟರ್ ಪ್ಲಗ್:

ಎರಡು ಪೈಪ್, ದಪ್ಪ ವೈರ್, ಎಚ್ ಸ್ವಿಚ್. ಗಾಡಿ ಮಧ್ಯದಲ್ಲಿ ಡೀಸೆಲ್ ಆಗಿತ್ತು ಬಾಸ್.

ಇಂಜೆಕ್ಟರ್‌ನಿಂದ ಜಾಸ್ತಿಯಾದ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗಬೇಕು, ಎರಡನೇ ಪೈಪ್ ಅದಕ್ಕೆ. ಎಚ್ ಅಂದರೆ ಹೀಟರ್ರೇ, ಆದರೆ ನಿಮ್ಮ ಕಾಲು ಬೆಚ್ಚಗೆ ಮಾಡುವುದಕ್ಕಲ್ಲ, ಸಿಲಿಂಡರ್ ಒಳಗಿನ ಹೀಟರ್ ಪ್ಲಗ್ ಕಾಯಿಸುವುದಕ್ಕೆ. ಅದು ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತದೆ, ಅದಕ್ಕೇ ಬೆರಳು ದಪ್ಪದ ವೈರ್.

ಮಜಾ ಏನು ಗೊತ್ತಾ? 1980ರ ಹೊತ್ತಿಗೆ ಬಂದ ಡೀಸೆಲ್ ಅಂಬಾಸಿಡರ್ ಕೂಡ 1489 ಸಿಸಿಯೇ. ಪೆಟ್ರೋಲ್ ಎಂಜಿನ್ನಿನ ಅಳತೆಯ ಮೇಲೇ ಮಾಡಿದ್ದು. ಆರ್‌ಸಿಯ ಸಿಸಿ ನೋಡಿ ಯಾರೂ ಕಂಡುಹಿಡಿಯಲು ಆಗಲ್ಲ. ಆ ಡೀಸೆಲ್‌ಗೆ ಇದ್ದ ಶಕ್ತಿ 37 ಕುದುರೆ, ಅದೂ ಮೂಡ್ ಇದ್ದರೆ. ಆದರೂ ಜನ ಹಾಕಿಸಿದರು, ಡೀಸೆಲ್ ಅಷ್ಟು ಅಗ್ಗ ಇತ್ತು.


ಡೈನಮೋ ತಾತ, ಮೈಸೂರು:

ನಲವತ್ತು ವರ್ಷ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡಿ ಈಗ ಮಗನಿಗೆ ಅಂಗಡಿ ಬಿಟ್ಟಿದ್ದೇನೆ. ಈ ಪ್ರಶ್ನೆ ಓದಿ ಖುಷಿಯಾಯಿತು, ಈಗಿನವರು ಸ್ಕ್ಯಾನರ್ ಚುಚ್ಚುತ್ತಾರೆ, ಕ್ಲ್ಯಾಂಪಿನ ತೂತು ಯಾರೂ ನೋಡುವುದಿಲ್ಲ.

ನೋಡಪ್ಪಾ, ಬ್ಯಾಟರಿಯ ಎರಡು ಕೊಂಬು ಒಂದೇ ದಪ್ಪ ಇರುವುದಿಲ್ಲ. ಪ್ಲಸ್ ದಪ್ಪ, ಮೈನಸ್ ತೆಳು. ಬಾಡಿಗೆ ಹೋಗುವ ನಿನ್ನ ಕ್ಲ್ಯಾಂಪ್ ಮೈನಸ್‌ಗೆ ಸಡಿಲ ಆಗುತ್ತಿದೆ ಅಂದರೆ ಅದು ಹುಟ್ಟಿದ್ದು ಪ್ಲಸ್ ಕೊಂಬಿಗೆ. ಇನ್ನೊಂದನ್ನು ಅರ ಹಾಕಿ ಅಗಲ ಮಾಡಿದ್ದಾರೆ, ಅದು ಹುಟ್ಟಿದ್ದು ಮೈನಸ್‌ಗೆ. ನಿನ್ನ ಗಾಡಿ ಮೊದಲು ಪ್ಲಸ್ ಅರ್ಥ್ ಇತ್ತು, ಅಂದರೆ ಬ್ಯಾಟರಿಯ ಪ್ಲಸ್ ಬಾಡಿಗೆ. ಲ್ಯೂಕಾಸ್ ಕಂಪನಿಯ ಎಲೆಕ್ಟ್ರಿಕಲ್ ಸಾಮಾನು ಹಾಕಿದ ಆ ಕಾಲದ ಬ್ರಿಟಿಷ್ ಮಾದರಿ ಗಾಡಿಗಳಲ್ಲಿ ಅದು ಮಾಮೂಲು, ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ.

ಯಾಕೆ ತಿರುಗಿಸಿದರು? ಮೇಲಿನವರು ಡೀಸೆಲ್ ಅಂದರಲ್ಲ, ಅಲ್ಲೇ ಉತ್ತರ ಇದೆ. ಆ ಎಂಜಿನ್ ಜೊತೆಗೆ ಆಲ್ಟರ್ನೇಟರ್ ಬಂದಿರಬೇಕು. ಆಲ್ಟರ್ನೇಟರ್‌ಗೆ ಒಳಗೆ ಡಯೋಡ್ ಇರುತ್ತವೆ, ಅದಕ್ಕೆ ಮೈನಸ್ ಅರ್ಥ್ ಬೇಕು, ತಪ್ಪಿ ಹಾಕಿದರೆ ಒಂದು ಕ್ಷಣದಲ್ಲಿ ಸುಟ್ಟು ಹೋಗುತ್ತದೆ. ಆಲ್ಟರ್ನೇಟರ್ ಬಂದ ಮೇಲೆ ಹಳೆಯ ಕಟೌಟಿಗೆ ಕೆಲಸ ಇಲ್ಲ, ಒಳಗಿನದು ಕಿತ್ತು ಡಬ್ಬವನ್ನು ಜಂಕ್ಷನ್ ಬಾಕ್ಸ್ ಮಾಡಿಕೊಂಡಿದ್ದಾರೆ. ನಾವೂ ಹಾಗೇ ಮಾಡುತ್ತಿದ್ದೆವು, ಹೊಸ ವೈರ್ ಎಳೆಯುವುದು ತಪ್ಪುತ್ತಿತ್ತು. ಆಮೇಲೆ ಪೆಟ್ರೋಲ್ ಎಂಜಿನ್ ವಾಪಸ್ ಬಂದಾಗ ಡೈನಮೋ ಬಂತು, ಡೈನಮೋಗೆ ಕಟೌಟ್ ಬೇಕು, ಹೊಸದೊಂದು ಪಕ್ಕದಲ್ಲಿ ಹಾಕಿದರು. ಎರಡು ಡಬ್ಬದ ಕಥೆ ಇಷ್ಟೇ.

ಡೈನಮೋಗೆ ಯಾವ ಅರ್ಥ್ ಆದರೂ ನಡೆಯುತ್ತದೆ. ಬ್ಯಾಟರಿ ಹೇಗೆ ಬೇಕೋ ಹಾಗೆ ಕಟ್ಟಿ, ಲೈವ್ ವೈರಿನಿಂದ ಅದರ ಎಫ್ ಟರ್ಮಿನಲ್‌ಗೆ ಒಂದು ಸಲ ಮುಟ್ಟಿಸಿ ತೆಗೆದರೆ ಒಳಗಿನ ಕಬ್ಬಿಣ ಆ ಕಡೆಗೆ ಅಯಸ್ಕಾಂತ ಹಿಡಿಯುತ್ತದೆ. ಎಫ್ ವೈರ್ ಕಟೌಟಿನಿಂದ ಬಿಚ್ಚಿ ಮಾಡು. ಆಲ್ಟರ್ನೇಟರ್ ಗಾಡಿಗೆ ಇದನ್ನು ಮಾಡಲೇಬೇಡ. ಸ್ಟಾರ್ಟರ್‌ಗೂ ಚಿಂತೆ ಇಲ್ಲ, ಪ್ಲಸ್ ಮೈನಸ್ ತಿರುಗಿಸಿದರೂ ಅದೇ ದಿಕ್ಕಿಗೆ ತಿರುಗುತ್ತದೆ, ಅದಕ್ಕೇ ಇಷ್ಟು ವರ್ಷ ಯಾರಿಗೂ ಅನುಮಾನ ಬಂದಿಲ್ಲ. ಆಂಪಿಯರ್ ಮೀಟರ್ ಹಳೆಯ ದಿಕ್ಕಿನಲ್ಲೇ ಉಳಿದಿದೆ, ಹಿಂದಿನ ಎರಡು ವೈರ್ ಅದಲುಬದಲು ಮಾಡು.

ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್ ನೋಡಿದೆಯಾ? ಎಸ್‌ಡಬ್ಲ್ಯು (ಸ್ವಿಚ್), ಸಿಬಿ (ಕಾಂಟ್ಯಾಕ್ಟ್ ಬ್ರೇಕರ್) ಅಂತ ಬರೆದಿದ್ದರೆ ಪ್ಲಸ್ ಅರ್ಥ್ ಕಾಲದ್ದು. ಈಗ ಮೈನಸ್ ಅರ್ಥ್ ಆಗಿರುವುದರಿಂದ ಅದರ ಎರಡು ವೈರನ್ನೂ ತಿರುಗಿಸಿ ಹಾಕಬೇಕು, ಸಿಬಿಗೆ ಸ್ವಿಚ್ ವೈರ್, ಎಸ್‌ಡಬ್ಲ್ಯುಗೆ ಡಿಸ್ಟ್ರಿಬ್ಯೂಟರ್ ವೈರ್. ಇಲ್ಲದಿದ್ದರೂ ಗಾಡಿ ಓಡುತ್ತದೆ, ಆದರೆ ಪ್ಲಗ್‌ನಲ್ಲಿ ಕಿಡಿ ಹಾರುವುದಕ್ಕೆ ಜಾಸ್ತಿ ವೋಲ್ಟ್ ಬೇಕಾಗಿ ಬೆಳಗ್ಗೆ ಸ್ಟಾರ್ಟ್ ಸತಾಯಿಸುತ್ತದೆ. ಹಳೆಯ ರೇಡಿಯೋ ಏನಾದರೂ ಸಿಕ್ಕಿದರೆ ಕರೆಂಟ್ ಕೊಡುವ ಮೊದಲು ಕೇಳು.


ಪ್ರಾಕ್ಟಿಕಲ್ ಪುಟ್ಟ:

ಇಷ್ಟೆಲ್ಲಾ ತಲೆಬಿಸಿ ಯಾಕೆ? ಹೇಗೂ ನಂಬರ್ ಮ್ಯಾಚ್ ಆಗಲ್ಲ. 1800 ಇಸುಜು ಎಂಜಿನ್, ಐದು ಗೇರಿನ ಬಾಕ್ಸ್, ಪವರ್ ಸ್ಟೀರಿಂಗ್, ಎಸಿ ಹಾಕಿಸಿ ಆರಾಮಾಗಿ ಓಡಿಸಿ. ಮೇಲೆ ನೋಡೋಕೆ ಹಳೇ ಗಾಡಿ, ಒಳಗೆ ಕಿರಿಕ್ ಇಲ್ಲ.


ಜೆಸಿ ರೋಡ್ ಗಿರಾಕಿ:

ಪುಟ್ಟ, ಪೂಜೆ ಸಾಮಾನು ಕೇಳೋಕೆ ಬಂದವನಿಗೆ ಬಿರಿಯಾನಿ ಮಾರಬೇಡ.


ಕೊಟ್ಟಿಗೆ ಅಂಬಿ:

ತಾತ, ನಿಮಗೆ ದೊಡ್ಡ ನಮಸ್ಕಾರ. ಕಾಯಿಲ್ ಮೇಲೆ ಎಸ್‌ಡಬ್ಲ್ಯು, ಸಿಬಿ ಅಂತಲೇ ಇದೆ. ತಿರುಗಿಸಿದೆ, ಇವತ್ತು ಬೆಳಗ್ಗೆ ಎರಡನೇ ಸಲ ಸೆಲ್ಫ್ ಹೊಡೆದಾಗ ಎದ್ದಿತು, ಮೊದಲು ಎಂಟು ಹತ್ತು ಬೇಕಿತ್ತು. ಆಂಪಿಯರ್ ಮೀಟರ್ ಈಗ ನಿಜ ಹೇಳುತ್ತಿದೆ.

ನೆಲದ ತಗಡಿನಲ್ಲಿ ಅಡ್ಡ ಬೆಸುಗೆ ಎಲ್ಲೂ ಇಲ್ಲ.

ಗಿರಾಕಿ ಅಣ್ಣಾ, ಕೆಂಪು ದೀಪದ ವಿಷಯದಲ್ಲಿ ನಿಮ್ಮ ಕಾಲು ಎಳೆಯಬೇಕಾಗಿದೆ. ಟಾಪಿನ ಒಳಬಟ್ಟೆ ಬಿಚ್ಚಿದೆ, ಇಲಿ ಗೂಡಿನ ಜೊತೆ ಒಂದು ಕಪ್ಪು ಕೇಬಲ್ ತುಂಡು ಸಿಕ್ಕಿತು, ಮುಂದಿನ ಗಾಜಿನ ಕಂಬದೊಳಗಿಂದ ಡ್ಯಾಶಿಗೆ ಇಳಿಯುತ್ತದೆ. ಟಿವಿ ಕೇಬಲ್ ಥರ ಮಧ್ಯದಲ್ಲಿ ಒಂದು ಎಳೆ, ಸುತ್ತ ಜಾಲರಿ. ರೇಡಿಯೋ ಏರಿಯಲ್! ಸಾಹೇಬರು ಯಾರೂ ಇಲ್ಲ, ಯಾರೋ ಹಾಡು ಕೇಳುವವರು. ರೇಡಿಯೋ ಮಾತ್ರ ಸಿಕ್ಕಿಲ್ಲ.

ಮೀಟರ್, ಬ್ರೇಕ್ ಬಗ್ಗೆ ಯಾರಾದರೂ ಹೇಳಿ.


ಎಂಜಿಬಿ ಮಂಜು, ಬರ್ಮಿಂಗ್‌ಹ್ಯಾಮ್:

ನಾನು ಅರಸೀಕೆರೆಯವನು, ಈಗ ಇಲ್ಲಿ ಒಂದು ಎಂಜಿಬಿ (ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಇಟ್ಟುಕೊಂಡು ಹೆಂಡತಿ ಹತ್ತಿರ ಬೈಸಿಕೊಳ್ಳುತ್ತಿದ್ದೇನೆ, ಆದ್ದರಿಂದ ನಿಮ್ಮ ಕಷ್ಟ ಅರ್ಥವಾಗುತ್ತದೆ. ನನ್ನದರ ಎಂಜಿನ್ ನಿಮ್ಮದರ ದೊಡ್ಡಣ್ಣ. ಒಂದೇ ಬಿ ಸೀರೀಸ್ ಅನ್ನುವ ಬ್ರಿಟಿಷ್ ಎಂಜಿನ್ ಮನೆತನ, ನನ್ನದು 1798 ಸಿಸಿ. ಅದಕ್ಕೂ ಮೊದಲಿನ ಎಂಜಿಎ 1500ರಲ್ಲಿ ಇದ್ದದ್ದು ನಿಮ್ಮದೇ 1489, ಬೋರ್ (ಸಿಲಿಂಡರಿನ ಅಗಲ) 73.025 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 88.9. ಇಂಚಿನಲ್ಲಿ ನೋಡಿದರೆ ಎರಡು ಮುಕ್ಕಾಲು ಮೇಲೆ ಒಂದು ಸೂತು, ಮತ್ತು ಮೂರೂವರೆ.

ಸ್ಪೀಡೋಮೀಟರ್ ಡಯಲನ್ನು ಒದ್ದೆ ಬಟ್ಟೆಯಲ್ಲಿ ಮೆತ್ತಗೆ ಒರೆಸಿ, ಎಲ್ಲೋ ಒಂದು ಕಡೆ ಎಂಪಿಎಚ್ ಅಂತ ಸಣ್ಣದಾಗಿ ಇರುತ್ತದೆ ಅಂತ ನನ್ನ ಪಣ. 50 ಕಿಲೋಮೀಟರ್ ಅಂದರೆ 31 ಮೈಲಿ. ನಿಮ್ಮದು 33 ತೋರಿಸುತ್ತಿದೆ. ಅಂದರೆ ಮೀಟರ್ ಸತ್ತಿಲ್ಲ, ಮೈಲಿ ಮೀಟರ್ ಅದು, ಸುಮಾರು ಶೇಕಡಾ 6 ಜಾಸ್ತಿ ಹೇಳುತ್ತಿದೆ. 1968ಕ್ಕೆ ನಮ್ಮಲ್ಲಿ ಕಿಲೋಮೀಟರ್ ಬಂದು ವರ್ಷಗಳಾಗಿದ್ದವು, ಹಾಗಾಗಿ ಅದು ಇನ್ನೂ ಹಳೆಯ ಗಾಡಿಯಿಂದ ಬಂದದ್ದು ಇರಬೇಕು.

ಈ 6 ನನಗೆ ತುಂಬಾ ಇಷ್ಟವಾಯಿತು. ಯಾಕೆ ಅಂದರೆ ಬಿ ಸೀರೀಸ್ ಹಿಂದಿನ ಆಕ್ಸಲ್‌ನಲ್ಲಿ ಕ್ರೌನ್ ಮತ್ತು ಪಿನಿಯನ್ (ಶಾಫ್ಟಿನ ಸುತ್ತನ್ನು ಚಕ್ರಕ್ಕೆ ಕೊಡುವ ದೊಡ್ಡ, ಸಣ್ಣ ಗೇರ್) ಜೋಡಿಗಳು ಹಲವು ಇದ್ದವು, ಹಲ್ಲಿನ ಲೆಕ್ಕದಲ್ಲಿ 43ಕ್ಕೆ 10, 41ಕ್ಕೆ 9, 39ಕ್ಕೆ 8. ಎರಡನೆಯದು 4.55, ಮೂರನೆಯದು 4.875. ಎರಡಕ್ಕೂ ವ್ಯತ್ಯಾಸ ಎಷ್ಟು ಗೊತ್ತಾ? ಶೇಕಡಾ 7, ಹೆಚ್ಚುಕಮ್ಮಿ ಅಷ್ಟೇ. ಮೀಟರ್ ಕೇಬಲ್ ಗೇರ್‌ಬಾಕ್ಸ್‌ನಿಂದ ಬರುತ್ತದೆ, ಆಕ್ಸಲ್ ಬದಲಾಯಿಸಿದ್ದು ಅದಕ್ಕೆ ಗೊತ್ತಾಗುವುದಿಲ್ಲ. 4.55ಕ್ಕೆ ಹೊಂದಿಸಿದ ಮೀಟರ್ ಇದ್ದು ಕೆಳಗೆ 4.875 ಇದ್ದರೆ ನೀವು ಹೇಳಿದ 33 ಸರಿಯಾಗಿ ಬರುತ್ತದೆ. ಮೊದಲು ಟೈರ್ ನೋಡಿ, 5.90-15 ಬಿಟ್ಟು ಸಣ್ಣದು ಹಾಕಿದ್ದರೂ ಇದೇ ಥರ ಆಗುತ್ತದೆ.

ಟೈರ್ ಸರಿ ಇದ್ದರೆ ಹೀಗೆ ಮಾಡಿ. ಮುಂದಿನ ಚಕ್ರಕ್ಕೆ ಕಲ್ಲು ಕೊಡಿ. ಹಿಂದಿನ ಒಂದು ಚಕ್ರ ಮಾತ್ರ ಜಾಕ್ ಮೇಲೆ, ಇನ್ನೊಂದು ನೆಲದ ಮೇಲೆ. ಹ್ಯಾಂಡ್‌ಬ್ರೇಕ್ ಬಿಡಿ, ಗೇರ್ ನ್ಯೂಟ್ರಲ್. ಎತ್ತಿದ ಚಕ್ರಕ್ಕೂ ಪ್ರೊಪೆಲ್ಲರ್ ಶಾಫ್ಟಿಗೂ (ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ದಂಡ) ಸೀಮೆಸುಣ್ಣದ ಗುರುತು ಹಾಕಿ. ಒಂದೇ ಚಕ್ರ ತಿರುಗುತ್ತಿರುವುದರಿಂದ ಎರಡು ಸುತ್ತಿಗೆ ಕ್ರೌನ್ ಒಂದು ಸುತ್ತು. ಚಕ್ರವನ್ನು 20 ಸುತ್ತು ತಿರುಗಿಸಿ, ಒಬ್ಬರು ಶಾಫ್ಟ್ ಎಣಿಸಿ. ನಲವತ್ತೈದೂವರೆ ಬಂದರೆ 41/9, ನಲವತ್ತೆಂಟು ಮುಕ್ಕಾಲು ಬಂದರೆ 39/8. ಜಾಕ್ ನಂಬಿ ಕೆಳಗೆ ತೂರಬೇಡಿ, ಮರದ ದಿಮ್ಮಿ ಕೊಡಿ.

ಬ್ರೇಕ್ ವಿಷಯದಲ್ಲಿ ಮಾತ್ರ ಕಥೆ ಗಿಥೆ ಬೇಡ. ಒಂದು ಇಂಚಿನ ಸಿಲಿಂಡರ್ 7/8ಕ್ಕಿಂತ ಶೇಕಡಾ 30 ಜಾಸ್ತಿ ಒತ್ತುತ್ತದೆ, ಒತ್ತಡ ಒಂದೇ ಆದರೂ ವಿಸ್ತೀರ್ಣ ಜಾಸ್ತಿ. ಬಲಕ್ಕೆ ಎಳೆಯುವುದು ಅದಕ್ಕೇ. ಆಕ್ಸಲ್ ಬೇರೆ ಇದ್ದರೆ ಇರಲಿ, ಬಾಗಿಲು ಕಪ್ಪಿದ್ದರೆ ಇರಲಿ, ಇದು ಮಾತ್ರ ಎರಡೂ ಕಡೆ ಒಂದೇ ಆಗುವ ತನಕ ಗೇಟ್ ದಾಟಬೇಡಿ. ಇಪ್ಪತ್ತು ವರ್ಷದ ರಬ್ಬರ್ ಹೋಸ್ ಕೂಡ ಒಟ್ಟಿಗೇ ಬದಲಾಯಿಸಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿ ಮುಚ್ಚಿಕೊಂಡಿರುತ್ತವೆ.


ಬಿ ಎಕ್ಸ್‌ಟ್ರಾಕ್ಟ್:

ಆರ್‌ಸಿ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ನಾನು.

ಆರ್‌ಟಿಓದಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಅವರ ನೋಂದಣಿ ದಾಖಲೆಯ ಪ್ರತಿ, ತೆಗೆಸಿ ಸರ್. ನಿಮ್ಮ ಕೈಯಲ್ಲಿರುವ ಪುಸ್ತಕ ಏನೇ ಹೇಳಲಿ, ಅವರ ದಾಖಲೆಯಲ್ಲಿ ಏನಿದೆ ಅನ್ನುವುದು ಮುಖ್ಯ. ಎಂಜಿನ್ ಬದಲಾಯಿಸಿದರೆ, ಇಂಧನ ಬದಲಾಯಿಸಿದರೆ ಬರೆಸಲೇಬೇಕು. ದೊಡ್ಡಪ್ಪ ಬರೆಸಿರಲೂಬಹುದು, ಪುಸ್ತಕದ ಹಿಂದಿನ ಪುಟಗಳನ್ನೂ ಸರಿಯಾಗಿ ನೋಡಿ.

50 ವರ್ಷ ದಾಟಿದೆ ಅಂತ ವಿಂಟೇಜ್ ನೋಂದಣಿ ಕಡೆ ಹೋಗುವ ಆಸೆ ಇದ್ದರೆ ಯೋಚಿಸಿ. 2021ರ ನಿಯಮದಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿ ಇರಬೇಕು ಅನ್ನುತ್ತದೆ. ಅದಕ್ಕಿಂತ ಮುಖ್ಯ, ಆ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ, ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಷ್ಟಕ್ಕೇ. ಮನೆಯವರನ್ನು ಕೂರಿಸಿಕೊಂಡು ಪೇಟೆಗೆ ಹೋಗಬೇಕು ಅಂದರೆ ಮಾಮೂಲಿ ಆರ್‌ಸಿಯನ್ನೇ 5 ವರ್ಷಕ್ಕೆ ನವೀಕರಿಸಿ, ಈಗಿರುವ ಎಂಜಿನ್ ನಂಬರ್ ಬರೆಸಿ. ಎಂಜಿನ್ ಎಲ್ಲಿಂದ ಬಂತು ಅನ್ನುವ ಬಿಲ್ ಕೇಳುತ್ತಾರೆ, ಹಳೆಯ ಕಾಗದ ಯಾವುದನ್ನೂ ಎಸೆಯಬೇಡಿ.


ಕೊಟ್ಟಿಗೆ ಅಂಬಿ:

ಹತ್ತು ದಿನ ಆಯಿತು, ಒಂದೊಂದಾಗಿ ಹೇಳುತ್ತೇನೆ.

ಮಂಜು ಸರ್, ಡಯಲ್ ಒರೆಸಿದೆ, ಎಂಪಿಎಚ್ ಇದೆ. ಟೈರ್ 5.90-15, ಸರಿ ಇದೆ. ಶಾಫ್ಟ್ ಎಣಿಸಲು ಪಕ್ಕದ ಮನೆ ಹುಡುಗನನ್ನು ಕೂರಿಸಿದೆ, ಮೊದಲ ಸಲ 46 ಅಂದ, ಎರಡನೇ ಸಲ 49ಕ್ಕೆ ಕಾಲು ಕಮ್ಮಿ ಅಂದ, ಮೂರನೇ ಸಲ ನಾನೇ ಎಣಿಸಿದೆ. ನಲವತ್ತೆಂಟು ಮುಕ್ಕಾಲು. 39/8!

ಬಿ ಎಕ್ಸ್‌ಟ್ರಾಕ್ಟ್ ಬಂತು. ಅದನ್ನು ನೋಡಿ ಕುಳಿತುಬಿಟ್ಟೆ. 1986ರಲ್ಲಿ ಡೀಸೆಲ್ ಎಂಜಿನ್ ಹಾಕಿದ್ದು ನಂಬರ್ ಸಮೇತ ದಾಖಲಾಗಿದೆ. ಮನೆಗೆ ಬಂದು ಪುಸ್ತಕ ನೋಡಿದರೆ ಕೊನೆಯ ಎರಡು ಪುಟ ಗೆದ್ದಲು ಮಣ್ಣಿಗೆ ಅಂಟಿಕೊಂಡಿವೆ, ಬಿಡಿಸಿದರೆ ಅಲ್ಲೂ ಅದೇ ಇದೆ, ದೊಡ್ಡಪ್ಪನ ಸಹಿ ಕೂಡ. ಅದಾದ ಮೇಲೆ ಮತ್ತೆ ಪೆಟ್ರೋಲ್ ಹಾಕಿದ್ದು ಮಾತ್ರ ಎಲ್ಲೂ ಬರೆಸಿಲ್ಲ. ಅಂದರೆ ಸರ್ಕಾರದ ಲೆಕ್ಕದಲ್ಲಿ ನನ್ನ ಪೆಟ್ರೋಲ್ ಗಾಡಿ ಈಗಲೂ ಡೀಸೆಲ್.

ಮೊದಲೇ ಕೇಳಬೇಕಿದ್ದವರನ್ನು ಕೊನೆಗೆ ಕೇಳಿದೆ. ದೊಡ್ಡಮ್ಮ ಅಕ್ಕಿ ಆರಿಸುತ್ತಾ "ಹೂಂ, ಟ್ರ್ಯಾಕ್ಟರ್ ಥರ ಹೊಡಕೊಳ್ಳುತ್ತಿತ್ತಲ್ಲ" ಅಂದರು, ನಾನು ಆರು ತಿಂಗಳು ತಲೆ ಕೆಡಿಸಿಕೊಂಡದ್ದು ಅವರಿಗೆ ಗೊತ್ತೇ ಇಲ್ಲ ಅನ್ನುವ ಹಾಗೆ. ಹಳೆಯ ಎಂಜಿನ್ ಏನಾಯಿತು ಅಂತ ಕೇಳಿದೆ. ಆಗುಂಬೆ ಘಾಟಿ ಹತ್ತುವಾಗ ಏನೋ ಮುರಿದು ಎಣ್ಣೆಯೆಲ್ಲಾ ರಸ್ತೆಗೆ ಹೋಯಿತಂತೆ, ಲಾರಿಗೆ ಕಟ್ಟಿಕೊಂಡು ಬಂದರಂತೆ. "ಅದು ಅಲ್ಲೇ ಇದೆಯಲ್ಲ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ."

ಅಲ್ಲೇ ಇದೆ. ಅರ್ಧ ಮಣ್ಣಿನಲ್ಲಿ. ನಾನು ಚಿಕ್ಕಂದಿನಿಂದ ಅದರ ಮೇಲೆ ಕಾಲಿಟ್ಟು ತೊಳೆದುಕೊಂಡಿದ್ದೇನೆ, ಕಬ್ಬಿಣದ ದಿಮ್ಮಿ ಅಂದುಕೊಂಡಿದ್ದೆ. ಅಗೆದು ತೆಗೆದು ವೈರ್ ಬ್ರಷ್ ಹಾಕಿದರೆ ಆರ್‌ಸಿ ಮೊದಲ ಪುಟದ ನಂಬರ್! ಪಕ್ಕದಲ್ಲಿ ಮುಷ್ಟಿ ಗಾತ್ರದ ತೂತು, ಕನೆಕ್ಟಿಂಗ್ ರಾಡ್ ಹೊರಗೆ ಬಂದ ಜಾಗ. ಮತ್ತೆ ಉಪಯೋಗಕ್ಕೆ ಬರುವುದಿಲ್ಲ, ತೊಳೆದು ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ. ಘಾಟಿಯಲ್ಲಿ ಹಾಗಾದ ಮೇಲೆ ದೊಡ್ಡಪ್ಪ ಎಳೆತ ಜಾಸ್ತಿ ಇರುವ ಆಕ್ಸಲ್ ಬೇಕು ಅಂತ ಹಠ ಹಿಡಿದು ಹಾಕಿಸಿದರೋ, ಡೀಸೆಲ್ ಜೊತೆ ಬಂತೋ, ದೊಡ್ಡಮ್ಮನಿಗೆ ಅದೆಲ್ಲಾ ಬೇಡ. ನಾನು ಅದನ್ನು ಹಾಗೇ ಬಿಡುತ್ತೇನೆ, ನಮ್ಮ ರಸ್ತೆಗೆ ಅದೇ ಸರಿ.

ಎಡಗಡೆಗೂ ಒಂದು ಇಂಚಿನ ವೀಲ್ ಸಿಲಿಂಡರ್ ಹೇಳಿದ್ದೇನೆ, ಬರುವ ವಾರ ಬರುತ್ತದೆ. ಹೋಸ್ ಎಲ್ಲಾ ಬಂದಿವೆ. ಆರ್‌ಟಿಓಗೆ ಬೇಕಾದ ಬಿಲ್ ಹುಡುಕಲು ದೊಡ್ಡಪ್ಪನ ಟ್ರಂಕ್ ಬಿಚ್ಚಬೇಕು.

ಬೇಡದ ಎರಡನೇ ಪೈಪ್ ತೆಗೆದೆ. ಎಚ್ ಸ್ವಿಚ್ಚನ್ನೂ ಬಿಚ್ಚಲು ಹೊರಟಾಗ ದೊಡ್ಡಮ್ಮ ಬಾಗಿಲಲ್ಲಿ ನಿಂತು ಬೇಡ ಅಂದರು. ಚಳಿಗಾಲದಲ್ಲಿ ದೊಡ್ಡಪ್ಪ ಸೆಲ್ಫ್ ಹೊಡೆಯುವ ಮೊದಲು ಇವರು ಪಕ್ಕದಲ್ಲಿ ಕೂತು ಅದನ್ನು ಒತ್ತಿ ಹಿಡಿದು ಇಪ್ಪತ್ತರವರೆಗೆ ಎಣಿಸಬೇಕಿತ್ತಂತೆ. "ಹದಿನೈದಕ್ಕೆ ಬಿಟ್ಟರೆ ಬೈಯುತ್ತಿದ್ದರು" ಅಂದರು. ಸ್ವಿಚ್ ಅಲ್ಲೇ ಇದೆ, ವೈರ್ ಮಾತ್ರ ತೆಗೆದಿದ್ದೇನೆ.